ಆಟದ ನಾಯಕಿಗೆ ನಾನು ಕಲಿಸಿದ ನಡಿಗೆ

ಸಾಹಸದ ವಿಡಿಯೊ ಗೇಮ್‌ಗಳಲ್ಲಿ ನಾಯಕಿಯ ಮುಖ ಕಾಣುವುದು ಕಡಿಮೆ. ಆಕೆ ಮುಂದೆ ಹೋಗುತ್ತಿರುತ್ತಾಳೆ, ಕ್ಯಾಮೆರಾ ಹಿಂದಿನಿಂದ ಬರುತ್ತಿರುತ್ತದೆ. ಗೋಡೆ ಹತ್ತುವಾಗ, ಕಂದಕ ಜಿಗಿಯುವಾಗ, ಸುರಂಗದಲ್ಲಿ ದಾರಿ ಹುಡುಕುವಾಗ ಆಡುವವರಿಗೆ ಕಾಣುವುದು ಆಕೆಯ ಬೆನ್ನು. ಹಾಗಾಗಿ ಆಕೆ ಎಂಥ ಹೆಂಗಸು ಎಂಬುದನ್ನು ಮಾತಿಗಿಂತ ಮೊದಲೇ ನಡಿಗೆ ಹೇಳಿಬಿಡುತ್ತದೆ. ಆ ನಡಿಗೆ ಕೂಡಿಸುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಒಂದು ಗೊಂಬೆ ಇರುತ್ತದೆ, ಅದರೊಳಗೆ ಎಲುಬಿನಂಥ ಕೊಂಡಿಗಳು. ಒಂದು ಸೆಕೆಂಡಿಗೆ ಮೂವತ್ತು ಚಿತ್ರಗಳು. ಯಾವ ಚಿತ್ರದಲ್ಲಿ ಹಿಮ್ಮಡಿ ನೆಲ ಮುಟ್ಟಬೇಕು, ಯಾವ ಚಿತ್ರದಲ್ಲಿ ಮೊಣಕಾಲು ಮಡಚಬೇಕು ಎಂದು ಆ ಕೊಂಡಿಗಳನ್ನು ಹಿಡಿದು ಕೂಡಿಸುತ್ತಾ ಹೋಗಬೇಕು. ಅನಿಮೇಟರ್ ಅನ್ನುತ್ತಾರೆ. ನಮ್ಮ ಓಣಿಯವರು ‘ಕಾರ್ಟೂನ್ ಮಾಡಾಕಿ’ ಅನ್ನುತ್ತಾರೆ.

ಕಂಪನಿ ಹೈದರಾಬಾದಿನದು. ನಮ್ಮನೆಯವರು ರೇಲ್ವೆಯಲ್ಲಿರುವುದರಿಂದ ನಾನು ನಮ್ಮೂರು ವಾಡಿಯ ಮನೆಯ ಹಿಂದಿನ ಕೋಣೆಯಲ್ಲೇ ಕೂತು ಕೆಲಸ ಮಾಡುತ್ತೇನೆ. ತಿಂಗಳಿಗೊಮ್ಮೆ ಬೆಳಗಿನ ಗಾಡಿ ಹತ್ತಿ ಆಫೀಸಿಗೆ ಹೋಗಿ ಬರುತ್ತೇನೆ. ಆಗ ನಾವು ಮಾಡುತ್ತಿದ್ದ ಆಟದ ಕಥೆ ಹೀಗಿತ್ತು: ನದಿ ದಂಡೆಯ ಪಾಳು ಕೋಟೆ, ಅದರ ಕೆಳಗೆ ಹೂತುಹೋದ ಸುರಂಗಗಳು. ಕಲ್ಲು ಕೆಲಸದ ಮನೆತನದ ಮೂವತ್ತರ ಹೆಂಗಸೊಬ್ಬಳು, ಅಲ್ಲಿ ಇಳಿದು ವಾಪಸು ಬರದ ತನ್ನ ತಾಯಿಯ ಜಾಡು ಹಿಡಿದು ಹೋಗುತ್ತಾಳೆ. ಜೊತೆಗೆ ಇತಿಹಾಸ ಓದಿಕೊಂಡ ಒಬ್ಬ ಗಂಡಸು ಇರುತ್ತಾನೆ, ಆಗಾಗ ಶಾಸನ ಓದಿ ಹೇಳುವುದಕ್ಕೆ.

ಅದಕ್ಕೆ ಮಾದರಿಯಾಗಿ ಹಳೇ ಕೋಟೆಯ ಫೋಟೊ ತೆಗೆದುಕೊಳ್ಳಲು ಆಟದ ಡೈರೆಕ್ಟರು ಇಬ್ಬರು ಚಿತ್ರಕಾರರ ಜೊತೆ ಮಳಖೇಡಕ್ಕೆ ಬಂದಿದ್ದರು. ದಾರಿ ತೋರಿಸಲು ನಾನೂ ಹೋಗಿದ್ದೆ. ಅಲ್ಲಿಂದ ಕಲ್ಲಿನ ಬಣ್ಣ ನೋಡಬೇಕು ಎಂದರು, ಶಹಾಬಾದಿಗೆ ಕರೆದುಕೊಂಡು ಬಂದೆ. ನೆಲಕ್ಕೆ ಹಾಸುವ ಅಲ್ಲಿನ ಕಲ್ಲಿಗೆ ನಮ್ಮ ಕಡೆ ಪರ್ಸಿ ಅನ್ನುತ್ತಾರೆ. ಒಂದು ಪಾಲಿಶ್ ಕಾರಖಾನೆಯ ಅಂಗಳದಲ್ಲಿ ನಿಂತಿದ್ದಾಗ ನಲವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಪರ್ಸಿ ಹೊತ್ತು ನಮ್ಮ ಮುಂದೆಯೇ ಹಾದುಹೋದರು. ನೆಲವೆಲ್ಲ ಕಲ್ಲು ತಿಕ್ಕಿದ ನೀರಿನ ರಾಡಿ. ನಾವು ಮೂರು ಹೆಜ್ಜೆ ಇಟ್ಟರೆ ಒಮ್ಮೆ ಜಾರುತ್ತಿದ್ದೆವು. ಅವರು ಅದರಲ್ಲೇ ಅಂಗಳದ ಆ ತುದಿಗೆ ಹೋಗಿ ಕಲ್ಲಿಳಿಸಿ ತಿರುಗಿ ಬಂದರು.

ಡೈರೆಕ್ಟರು ನನ್ನ ಮೊಣಕೈ ತಟ್ಟಿದರು. ಅವರ ಮಾತು ಹಿಂದಿ, ಇಂಗ್ಲಿಷು ಕಲಸಿದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ನಮ್ಮ ನಾಯಕಿ ಹೀಗೇ ನಡೀಬೇಕು," ಎಂದರು. ಇದನ್ನು ಮೊದಲು ಹೇಳಿದ್ದು ಅವರೇ. ಮುಂದಿನದನ್ನು ಬರೆಯುವಾಗ ಅದನ್ನು ಮರೆಮಾಚಿದರೆ ಅವರಿಗೆ ಅನ್ಯಾಯವಾಗುತ್ತದೆ.

ಮರುವಾರ ನಾನೊಬ್ಬಳೇ ಹೋಗಿ, ಕಾರಖಾನೆಯ ಸಾಹುಕಾರರ ಒಪ್ಪಿಗೆ ತೆಗೆದುಕೊಂಡು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆ ಹೆಣ್ಣುಮಗಳ ಹತ್ತಿರ ಕೂತೆ. ಹೆಸರು ಬರೆಯುವುದಿಲ್ಲ, ಅಕ್ಕ ಅಂತಲೇ ಕರೆಯುತ್ತೇನೆ. ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಚ್ಚಿಕೊಂಡು ತಿನ್ನುತ್ತಿದ್ದರು. ನನಗೂ ಅರ್ಧ ಮುರಿದು ಕೊಟ್ಟರು.

"ನನ್ನ ನಡಿಗ್ಯಾಗ ಏನದರಿ ಮೇಡಂ? ದಿನಾ ನಡೀತೀನಿ, ಯಾರೂ ನೋಡಾಂಗಿಲ್ಲ."

"ಆಟದಾಗ ಒಬ್ಬಾಕಿ ಇರ್ತಾಳ ಅಕ್ಕಾ. ಅಕಿ ನಿಮ್ಮಂಗ ನಡೀಬೇಕು."

"ಏನ್ ಕೆಲಸ ಮಾಡ್ತಾಳ ಅಕಿ?"

"ಕೋಟಿ ತಳಗ ಸುರಂಗ ಅದ. ಅದರಾಗ ಇಳೀತಾಳ."

"ಒಬ್ಬಾಕೀನೇ?"

"ಜೋಡಿಗೆ ಒಬ್ಬಾಂವ ಇರ್ತಾನ. ಆದ್ರ ದಾರಿ ಹುಡಕಾಕಿ ಇಕೀನೇ."

ಅಕ್ಕ ರೊಟ್ಟಿಯ ತುಣುಕನ್ನು ಬಾಯಿಗಿಟ್ಟುಕೊಂಡರು. "ದಾರಿ ಇಕೀನೇ ಹುಡುಕ್ತಾಳಂದ್ರ ತಗೋರಿ," ಅಂದರು.

ಕಂಪನಿಯ ಒಪ್ಪಿಗೆ ಪತ್ರ ಎರಡು ಪುಟ, ಇಂಗ್ಲಿಷಿನಲ್ಲಿತ್ತು. ಚಿತ್ರೀಕರಿಸಿದ ಚಲನವಲನವನ್ನು ಕಂಪನಿ ಹೇಗೆ ಬೇಕಾದರೂ ಬದಲಿಸಿ, ಎಲ್ಲಿ ಬೇಕಾದರೂ ಬಳಸಬಹುದು ಎಂಬ ಸಾಲು ಎರಡನೇ ಪುಟದಲ್ಲಿತ್ತು. ಅಂಥ ಸಾಲು ಎಲ್ಲ ಪತ್ರಗಳಲ್ಲೂ ಇರುತ್ತದೆ, ನನ್ನ ಕಣ್ಣು ಅದರ ಮೇಲೆ ಜಾರಿಕೊಂಡೇ ಹೋಗುತ್ತದೆ. "ನಿಮ್ಮ ನಡಿಗಿ ಆಟದಾಗ ಹಾಕ್ಕೊಳ್ಳಾಕ ಒಪ್ಗಿ ಅಂತ ಬರದದ ಅಕ್ಕಾ," ಅಂದೆ. ಅಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ನಿಧಾನವಾಗಿ ರುಜು ಮಾಡಿದರು. ನಾನು ಹೇಳಿದ್ದು ಸುಳ್ಳಲ್ಲ. ಪೂರ್ತಿ ಹೇಳಲಿಲ್ಲ, ಅಷ್ಟೇ.

ಆಮೇಲೆ ಹನ್ನೊಂದು ದಿನ ಅದೇ ಊಟದ ಬಿಡುವಿನಲ್ಲಿ ಹೋದೆ. ಎರಡು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಂದನ್ನು ಎದುರಿಗೆ, ಇನ್ನೊಂದನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದೆ. ಎರಡರಲ್ಲೂ ಒಂದೇ ಕ್ಷಣ ಗೊತ್ತಾಗಲೆಂದು ಮೊದಲು ಒಂದು ಚಪ್ಪಾಳೆ. ಅಕ್ಕನ ಸೀರೆ ಕಾಲು ಮುಚ್ಚುತ್ತಿತ್ತು, ಮೊಣಕಾಲು ಎಲ್ಲಿ ಮಡಚುತ್ತದೆಂದು ಕಾಣುತ್ತಿರಲಿಲ್ಲ. ಕೆಂಪು ಟೇಪಿನ ಚೂರುಗಳನ್ನು ಸೀರೆಯ ಮೇಲೆ ಮೊಣಕಾಲಿಗೆ, ಸೊಂಟಕ್ಕೆ ಅಂಟಿಸಿದೆ. ಜೊತೆಯ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಮೊದಲ ನಾಲ್ಕು ದಿನದ ಚಿತ್ರ ಉಪಯೋಗಕ್ಕೆ ಬರಲಿಲ್ಲ. ಬಿಳಿ ಧೂಳಿನ ಮೇಲೆ ಬಿಸಿಲು ಬಿದ್ದು ಅಕ್ಕನ ಪಾದವೇ ಕಾಣದ ಹಾಗೆ ಆಗಿತ್ತು. ಐದನೇ ದಿನ ಮೊಬೈಲನ್ನು ಪರ್ಸಿಗಳ ಒಟ್ಟಿಲಿನ ನೆರಳಿಗೆ ಸರಿಸಿದ ಮೇಲೆ ಪಾದ ಸ್ಪಷ್ಟವಾಯಿತು. ಹಿಮ್ಮಡಿ ಮೊದಲು ಊರುವುದಿಲ್ಲ. ಇಡೀ ಪಾದ ಒಮ್ಮೆಗೇ ಚಪ್ಪಟೆಯಾಗಿ ಕೂತು, ಬೆರಳುಗಳು ಅಗಲವಾಗಿ ನೆಲ ಹಿಡಿಯುತ್ತವೆ.

ಮನೆಗೆ ಬಂದು ಮೊದಲ ಸುತ್ತು ಕೂಡಿಸಿದೆ. ಅದನ್ನು ಮೊಬೈಲಿಗೆ ಹಾಕಿಕೊಂಡು ಹೋಗಿ ಅಕ್ಕನಿಗೆ ತೋರಿಸಿದೆ. ಬಣ್ಣವಿಲ್ಲದ ಬೂದು ಗೊಂಬೆ ನಡೆಯುತ್ತಿತ್ತು. ಅಕ್ಕ ಎರಡು ಸಲ ನೋಡಿ ತಲೆ ಅಲ್ಲಾಡಿಸಿದರು.

"ಇದು ನಾ ಅಲ್ರಿ."

"ಯಾಕ ಅಕ್ಕಾ?"

"ಸೊಂಟ ನೋಡ್ರಿ, ಹೆಂಗ ಅಲುಗಾಡ್ಲಿಕತ್ತದ. ಸೊಂಟ ಅಲುಗಾಡಿದ್ರ ಕಲ್ಲು ಅಲುಗಾಡ್ತದ. ಕಲ್ಲು ಅಲುಗಾಡಿದ್ರ ಕುತ್ತಿಗಿ ಹೋಗ್ತದ."

ಹತ್ತು ವರ್ಷದಿಂದ ಹೆಣ್ಣು ಗೊಂಬೆಗಳನ್ನು ನಡೆಸಿದ್ದೇನೆ. ನನ್ನ ಕೈ ತನಗೆ ತಾನೇ ಸೊಂಟವನ್ನು ಅತ್ತಿತ್ತ ತೂಗಿಸಿಬಿಟ್ಟಿತ್ತು, ನನಗದು ಗೊತ್ತೂ ಆಗಿರಲಿಲ್ಲ. ಮತ್ತೆ ಕೂತು ಚಿತ್ರ ಚಿತ್ರವಾಗಿ ಅಳೆದೆ. ಅಕ್ಕನ ಸೊಂಟ ಸರಿಯುವುದು ಬರೀ ಎರಡು ಬೆರಳಷ್ಟು, ಭಾರವೆಲ್ಲ ತೊಡೆಯಲ್ಲಿ ಇಳಿಯುತ್ತಿತ್ತು. ಮೂರನೇ ಸಲ ತೋರಿಸಿದೆ. ಅಕ್ಕ ಪಕ್ಕದ ಹೆಂಗಸನ್ನು ಕರೆದು, "ಬಾ ಇಲ್ಲಿ, ಇಕಿ ಯಾರಂತ ಹೇಳು," ಅಂದರು. ಆಕೆ ಬೂದು ಗೊಂಬೆ ನೋಡಿದ್ದೇ ಅಕ್ಕನ ಹೆಸರು ಹೇಳಿದಳು.

ಕಲ್ಲು ಬಡಿಯುವ ವಿಷಯ ನನಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಒಂದು ದಿನ ಕಲ್ಲಿನ ಖಣಿಯಿಂದ ಹೊಸ ಪರ್ಸಿ ಬಂದಿಳಿದವು. ಅಕ್ಕ ಒಂದೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಧೂಳು ಒರೆಸಿ, ಬೆರಳ ಗಿಣ್ಣಿನಿಂದ ಮೂರು ಸಲ ಬಡಿದು, ಅಂಗೈ ಚಪ್ಪಟೆಯಾಗಿ ಇಟ್ಟು, ಮುಂದಿನದಕ್ಕೆ ಹೋಗುತ್ತಿದ್ದರು. ಒಂದರ ಮೇಲೆ ಅಂಗೈ ಇಟ್ಟವರು ತೆಗೆಯಲಿಲ್ಲ.

"ಇದು ಒಳಗ ಸೀಳ್ಯಾದ," ಅಂದರು.

ನಾನು ಬಗ್ಗಿ ನೋಡಿದೆ. ಕೂದಲೆಳೆಯಷ್ಟೂ ಬಿರುಕಿರಲಿಲ್ಲ. "ಹೆಂಗ ಗೊತ್ತಾಯ್ತು?"

"ಛಲೋ ಕಲ್ಲಿನ ಆವಾಜ ಹೊರಗ ಬರ್ತದ. ಸೀಳಿದ್ದು ಇದ್ರ ಆವಾಜ ಒಳಗೇ ಕುಂದರ್ತದ. ಕೈ ಇಡ್ರಿ, ತಿಳೀತದ."

ಇಟ್ಟೆ. ನನಗೇನೂ ತಿಳಿಯಲಿಲ್ಲ. ನಂಬದ ಒಬ್ಬ ಕೆಲಸಗಾರ ಅದನ್ನು ಮಷೀನಿಗೆ ಹಾಕಿದ. ತಿಕ್ಕುವ ಚಕ್ರ ತಾಕಿದ ಸ್ವಲ್ಪ ಹೊತ್ತಿಗೆ ಕಲ್ಲು ಮೂಲೆಯಿಂದ ಮೂಲೆಗೆ ಒಡೆಯಿತು.

ಅಲ್ಲಿಂದಲೇ ಡೈರೆಕ್ಟರಿಗೆ ಫೋನ್ ಮಾಡಿದೆ. ಸುರಂಗದಲ್ಲಿ ನಾಯಕಿ ಗೋಡೆ ಬಡಿದು, ಹಿಂದೆ ಟೊಳ್ಳಿದೆಯೋ ಗಟ್ಟಿಯಿದೆಯೋ ಎಂದು ಕಿವಿಯಿಂದ, ಅಂಗೈಯಿಂದ ತಿಳಿದು ದಾರಿ ಹುಡುಕಬೇಕು. ನಕ್ಷೆ ಬೇಡ, ಹೊಳೆಯುವ ಬಾಣದ ಗುರುತು ಬೇಡ. ಅವರು ಫೋನಿನಲ್ಲೇ ಕೂಗಿದರು: "ಇಡೀ ಆಟ ಇದರ ಮೇಲೆ ನಿಲ್ಲುತ್ತದೆ!" ಮಷೀನಿನ ಗದ್ದಲದಲ್ಲಿ ಕಲ್ಲಿನ ಸದ್ದು ಹಿಡಿಯಲಾಗದೆ ಎರಡು ದಿನ ಹಾಳಾಯಿತು. ಮೂರನೇ ದಿನ ಕರೆಂಟು ಹೋಯಿತು. ಕಾರಖಾನೆಯೆಲ್ಲ ಒಮ್ಮೆಗೇ ಸುಮ್ಮನಾದಾಗ ಅಕ್ಕ ಓಡೋಡಿ ಬಂದು, "ಜಲ್ದಿ ಮೇಡಂ, ಕರೆಂಟು ಬರೋದ್ರಾಗ ಮುಗಸ್ರಿ," ಅಂದರು. ನಲವತ್ತು ಕಲ್ಲು ಬಡಿದರು. ಆ ಕೈ ಚಲನೆಯನ್ನು ಕೂಡಿಸಲು ನನಗೆ ಮೂರು ವಾರ ಹಿಡಿಯಿತು. ನಾನು ಈವರೆಗೆ ಮಾಡಿದ್ದರಲ್ಲಿ ಅಷ್ಟು ಚೆನ್ನಾದದ್ದು ಬೇರೊಂದಿಲ್ಲ.

ಆಮೇಲೆ ಆಟದ ಮೊದಲ ಭಾಗವನ್ನು ಹೊರಗಿನ ಕೆಲವರ ಕೈಗೆ ಕೊಟ್ಟು ಆಡಿಸಿ ನೋಡಿದರು. ಹೆಚ್ಚಿನವರು ಕಾಲೇಜು ಹುಡುಗರು. ನಾನೂ ಹೈದರಾಬಾದಿಗೆ ಹೋಗಿ ಗಾಜಿನಾಚೆ ಕೂತಿದ್ದೆ. ಆಮೇಲೆ ಅವರು ಬರೆದುಕೊಟ್ಟ ಹಾಳೆಗಳನ್ನು ಓದಿದೆವು. ‘ಹೀರೊಯಿನ್ ಕೂಲಿಯವಳ ಹಾಗೆ ನಡೆಯುತ್ತಾಳೆ’ ಎಂದು ಒಬ್ಬ ಬರೆದಿದ್ದ. ‘ಭಾರ ಅನ್ನಿಸುತ್ತದೆ’ ಎಂದು ಇನ್ನೊಬ್ಬ. ‘ಹೆಣ್ಣು ಅನ್ನಿಸುವುದಿಲ್ಲ’ ಎಂದು ಇಬ್ಬರು. ಜೊತೆಗಾರ ಗಂಡಸಿನ ಬಗ್ಗೆ, ‘ಇವನಿಗೆ ಮಾಡಲು ಕೆಲಸವೇ ಇಲ್ಲ’ ಎಂದಿತ್ತು. ಕಲ್ಲು ಬಡಿಯುವುದು ಮಾತ್ರ ಎಲ್ಲರಿಗೂ ಹಿಡಿಸಿತ್ತು.

ನಾಲ್ಕು ದಿನದ ಮೇಲೆ, ಬೆಳಿಗ್ಗೆ ಹತ್ತಕ್ಕೆ, ಡೈರೆಕ್ಟರು ವಿಡಿಯೊ ಕಾಲ್ ಮಾಡಿದರು. ಅವರ ಕಣ್ಣು ಕೆಂಪಾಗಿತ್ತು. ಆಟವನ್ನು ಹೊರಗೆ ತರುವ ಪಾಲುದಾರರ ಜೊತೆ ಎರಡು ದಿನ ಕೂತು ಬಂದಿದ್ದರು.

"ಎರಡು ವಿಷಯ," ಎಂದರು. "ನಡಿಗೆ ಬದಲಿಸಬೇಕು. ಆಡುವವನು ಗಂಟೆಗಟ್ಟಲೆ ಅವಳ ಬೆನ್ನು ನೋಡುತ್ತಾನೆ, ಅವನಿಗೆ ನೋಡಬೇಕು ಅನ್ನಿಸಬೇಕಂತೆ. ಉಡುಪಿನದು ಬೇರೆಯವರು ನೋಡಿಕೊಳ್ಳುತ್ತಾರೆ."

ನಾನು ಅದಕ್ಕೆ ಜಗಳಾಡಿದೆ. ಅಂಥ ನಡಿಗೆಯಲ್ಲಿ ಗೋಡೆ ಹತ್ತಿದರೆ ಹಾಸ್ಯವಾಗುತ್ತದೆ ಎಂದೆ. ನೀವೇ ಅಂಗಳದಲ್ಲಿ ನಿಂತು ಹೇಳಿದ್ದಿರಿ ಎಂದೆ. ಅವರು ಅಲ್ಲಗಳೆಯಲಿಲ್ಲ. "ಹೇಳಿದ್ದೆ. ಆಗ ನನ್ನ ಕೈಯಲ್ಲಿತ್ತು," ಎಂದರು. ಅರ್ಧ ತಾಸಿನ ನಂತರ ನನ್ನ ದನಿ ಇಳಿದಿತ್ತು.

ಆಮೇಲೆ ಎರಡನೆಯದನ್ನು ಹೇಳಿದರು. "ಕಲ್ಲು ಬಡಿಯುವುದನ್ನು ಜೊತೆಗಾರನಿಗೆ ಕೊಡೋಣ ಅಂತಾರೆ. ಅವನಿಗೂ ಒಂದು ತೂಕ ಬರುತ್ತದೆ. ನೋಡು, ಇದನ್ನು ನಿನ್ನ ಮೇಲೆ ಹೇರುವುದಿಲ್ಲ. ಬೇಡ ಅಂದರೆ ಅದನ್ನು ತೆಗೆದೇಬಿಡೋಣ. ಹಳೇ ರೀತಿ ಗೋಡೆಯ ಮೇಲೆ ಗುರುತು ಹೊಳೆಯಲಿ. ನಿನ್ನ ಕೆಲಸ, ನೀನೇ ಹೇಳು."

ಅದು ನಿಜವಾಗಿಯೂ ನನ್ನ ಕೈಯಲ್ಲಿತ್ತು. ಅದಕ್ಕೇ ಈ ಅನುಭವ ಬರೆಯುತ್ತಿದ್ದೇನೆ. ಬೇಡ, ತೆಗೆದುಬಿಡಿ ಎಂದಿದ್ದರೆ ಅಕ್ಕನ ಕೈ ಬೇರೆ ಯಾರ ಕೈಯೂ ಆಗದೆ ಉಳಿಯುತ್ತಿತ್ತು. ಆ ಹೊತ್ತಿಗೆ ನನಗೆ ಅಕ್ಕ ನೆನಪಾಗಲಿಲ್ಲ. ನೆನಪಾದದ್ದು ನನ್ನ ಮೂರು ವಾರ. ಗಿಣ್ಣು ತಾಕಿದ ಮರುಚಿತ್ರದಲ್ಲಿ ಮುಂಗೈ ಇಷ್ಟೇ ಇಷ್ಟು ನಡುಗುವುದನ್ನು ಹಿಡಿಯಲು ನಾನು ಪಟ್ಟ ಪಾಡು. ಅದು ಯಾರ ಕಣ್ಣಿಗೂ ಬೀಳದೆ ಹೋಗುವುದನ್ನು ನನ್ನಿಂದ ತಾಳಲಾಗಲಿಲ್ಲ.

"ತೆಗೀಬೇಡಿ. ಅವನಿಗೆ ಹಾಕ್ತೀನಿ," ಎಂದೆ.

ಒಂದು ಗೊಂಬೆಯ ಚಲನೆಯನ್ನು ಇನ್ನೊಂದಕ್ಕೆ ತೊಡಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ. ಎಲುಬಿಗೆ ಎಲುಬು ಹೊಂದಿಸಿ ಗುಂಡಿ ಒತ್ತಿದರೆ ಮುಗಿಯಿತು. ಗಂಡಸಿನ ತೋಳು ಉದ್ದ, ಹಾಗಾಗಿ ಕೈ ಗೋಡೆಯೊಳಗೆ ಹೋಯಿತು. ಭುಜವನ್ನು ಹಿಂದೆ ಸರಿಸಿದೆ. ಸೆರಗಿರಲಿಲ್ಲ, ಅಂಗಿಯ ತೋಳಿನಿಂದ ಧೂಳು ಒರೆಸುವಂತೆ ಮಾಡಿದೆ. ಸಂಜೆಯ ಹೊತ್ತಿಗೆ ಆ ಇತಿಹಾಸಕಾರ ಕುಕ್ಕರುಗಾಲಲ್ಲಿ ಕೂತು ಮೂರು ಸಲ ಬಡಿದು ಅಂಗೈ ಇಡುತ್ತಿದ್ದ. ಇದೆಲ್ಲ ಅವನಿಗೆ ಹೇಗೆ ಗೊತ್ತು ಎಂಬುದಕ್ಕೆ ‘ಅಜ್ಜ ಕಲಿಸಿದ್ದರು’ ಎಂಬ ಒಂದು ಮಾತು ಸೇರಿಸಿದರು. ಆಗ ನಾಯಕಿ ಏನು ಮಾಡುತ್ತಿರಬೇಕು? ದೀವಟಿಗೆ ಹಿಡಿದು ಅವನ ಪಕ್ಕದಲ್ಲಿ ನಿಲ್ಲಬೇಕು. ಕಲ್ಲು ಸರಿದಾಗ ಕಣ್ಣರಳಿಸಿ, ‘ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳಬೇಕು. ಆ ಬೆರಗನ್ನು ಕೂಡಿಸಿದವಳೂ ನಾನೇ. ಹುಬ್ಬು ಮೇಲೆ, ತುಟಿ ತುಸು ಬಿಚ್ಚಿದ ಹಾಗೆ, ಹನ್ನೆರಡು ಚಿತ್ರ.

ಹೊಸ ನಡಿಗೆಗೆ ಮಾದರಿ ಬೇಕಿತ್ತು. ಕಾರಖಾನೆಗೆ ಹೋಗುವ ಹಾಗಿರಲಿಲ್ಲ. ಮನೆಯ ಕೋಣೆಯಲ್ಲೇ ಎರಡು ಮೊಬೈಲು ನಿಲ್ಲಿಸಿ, ಚಪ್ಪಾಳೆ ತಟ್ಟಿ, ನಾನೇ ಒಂದು ಕಾಲಿನ ಮುಂದೆ ಇನ್ನೊಂದಿಟ್ಟು ಸೊಂಟ ತೂಗುತ್ತಾ ಕಿಟಕಿಯಿಂದ ಬಾಗಿಲವರೆಗೆ ನಡೆದೆ. ನಮ್ಮನೆಯವರು ಡ್ಯೂಟಿಯಿಂದ ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಗಲಿಲ್ಲ.

"ಏನಾಗ್ಯಾದ? ಕಾಲು ಉಳುಕೇದೇನು?" ಅಂದರು.

"ಇಲ್ರಿ. ಕೆಲಸದ್ದು."

ಅವರು ನಗಲಿಲ್ಲ. ಚಹಾ ಮಾಡಿಕೊಂಡು ಬಂದು ಮೇಜಿನ ಮೇಲಿಟ್ಟು ಹೋದರು. ಆ ವಿಡಿಯೊದಲ್ಲಿ ನನ್ನನ್ನು ನಾನು ಚಿತ್ರ ಚಿತ್ರವಾಗಿ ನೋಡಬೇಕಾಯಿತು. ಸೊಂಟದ ಕೊಂಡಿಯನ್ನು ಮೊದಲು ಸ್ವಲ್ಪ ತಿರುಗಿಸಿ ಕಳಿಸಿದೆ, ‘ಇನ್ನೂ’ ಎಂದು ಬಂತು. ಇನ್ನೂ ತಿರುಗಿಸಿದೆ. ಸುಮ್ಮನೆ ನಿಂತಾಗ ನಾಯಕಿ ಬೆವರು ಒರೆಸಿಕೊಂಡು ಮುಂದೆ ಕಾಲಿಡುವ ಜಾಗ ನೋಡುತ್ತಿದ್ದಳು, ಅದನ್ನು ತೆಗೆದು ಕೂದಲು ಕಿವಿಯ ಹಿಂದೆ ಸರಿಸುವಂತೆ ಮಾಡಿದೆ. ಬಿದ್ದಾಗ ‘ಯವ್ವಾ’ ಎಂದು ಕೂತು ಮೊಣಕಾಲು ಮುಟ್ಟಿಕೊಳ್ಳುತ್ತಿದ್ದಳು, ಈಗ ಒಂದು ಪಕ್ಕಕ್ಕೆ ಮೆತ್ತಗೆ ಒರಗಿದಳು. ಇಷ್ಟಕ್ಕೆ ಒಂಬತ್ತು ದಿನ ಸಾಕಾಯಿತು. ಕೆಲಸ ಮುಗಿದ ಮೇಲೆ ಕಂಪನಿಯ ನಿಯಮದಂತೆ ನನ್ನಲ್ಲಿದ್ದ ಮಾದರಿ ವಿಡಿಯೊಗಳನ್ನೆಲ್ಲ ಅಳಿಸಿದೆ, ಅಳಿಸಿದ್ದೇನೆ ಎಂಬ ಚೌಕಕ್ಕೆ ಗುರುತು ಹಾಕಿದೆ.

ಆಟ ಹೊರಬಂತು. ದೊಡ್ಡ ಹೆಸರೇನೂ ಆಗಲಿಲ್ಲ, ಬಿದ್ದೂ ಹೋಗಲಿಲ್ಲ. ಆಡಿದವರು ಬರೆದದ್ದರಲ್ಲಿ ನಾಯಕಿಯ ಬಗ್ಗೆ ಹೆಚ್ಚು ಇರಲಿಲ್ಲ. ಇದ್ದದ್ದನ್ನು ಇಲ್ಲಿ ಬರೆಯಲಾರೆ. ಜೊತೆಗಾರನ ಬಗ್ಗೆ ಮಾತ್ರ ಭಾಳ ಜನ ಬರೆದರು. ಆ ಮನುಷ್ಯ ಕಲ್ಲು ಮುಟ್ಟುವುದು ನೋಡಿದರೆ ಹುಟ್ಟಿದಾಗಿನಿಂದ ಕಲ್ಲಿನಲ್ಲೇ ಬದುಕಿದವನಂತಿದ್ದಾನೆ, ಇದನ್ನು ಮಾಡಿದವರಿಗೆ ಕೈಮುಗಿಯಬೇಕು, ಹೀಗೆ. ಡೈರೆಕ್ಟರು ಅದನ್ನೆಲ್ಲ ಕೂಡಿಸಿ ಇಡೀ ತಂಡಕ್ಕೆ ನನ್ನ ಹೆಸರು ಹಾಕಿ ಮೇಲ್ ಕಳಿಸಿದರು. ಧನ್ಯವಾದಗಳು ಎಂದು ಉತ್ತರಿಸಿದೆ.

ಶಹಾಬಾದಿಗೆ ಹೋಗದೆ ಎರಡು ತಿಂಗಳು ತಪ್ಪಿಸಿಕೊಂಡೆ. ವಾಡಿಯಿಂದ ಅದೇನು ದೂರವೇ? ಕೊನೆಗೆ ಅಕ್ಕನೇ ಫೋನ್ ಮಾಡಿದರು. "ಆಟ ಬಂದದಂತಲ್ರಿ ಮೇಡಂ? ಎಲ್ಲಾರೂ ಕೇಳ್ಲಿಕತ್ತಾರ. ತೋರಸ್ರಿ."

ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಊಟದ ಬಿಡುವು. ಆರೇಳು ಹೆಂಗಸರು ಪರ್ಸಿಯ ಒಟ್ಟಿಲಿಗೆ ಬೆನ್ನು ಹಚ್ಚಿ ಕೂತಿದ್ದರು. ನಾಯಕಿ ಬಿಗಿಯಾದ ಉಡುಪಿನಲ್ಲಿ ಕೋಟೆಯ ಬಾಗಿಲಿಂದ ಒಳಗೆ ನಡೆದು ಬಂದಳು. ಅಕ್ಕನೇ ಮೊದಲು ನಕ್ಕರು.

"ಇಕಿ ಹಿಂಗ ನಡದ್ರ ಒಂದು ಕಲ್ಲು ಹೊರಾಂಗಿಲ್ಲ ನೋಡ್ರಿ!"

"ಕಲ್ಲಲ್ಲ, ಕೊಡ ನೀರು ಹೊರಾಂಗಿಲ್ಲ," ಅಂದಳು ಇನ್ನೊಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬೈಯುತ್ತಾರೆಂದು ಹೆದರಿ ಬಂದಿದ್ದವಳಿಗೆ ಆ ನಗು ಕೇಳಿ ಹಗುರವಾಯಿತು. ಇಷ್ಟೇ ಆಗಿ ಮುಗಿದರೆ ಸಾಕೆಂದು ಲ್ಯಾಪ್‌ಟಾಪ್ ಮುಚ್ಚಲು ಕೈಹಾಕಿದೆ. "ಇರ್ರಿ, ಇರ್ರಿ," ಅಂದರು ಅಕ್ಕ.

ಪರದೆಯ ಮೇಲೆ ಆ ಗಂಡಸು ಗೋಡೆಯ ಮುಂದೆ ಕೂತ. ಧೂಳು ಒರೆಸಿದ. ಮೂರು ಸಲ ಬಡಿದ. ಕರೆಂಟು ಹೋದ ದಿನ ಹಿಡಿದ ಆ ಸದ್ದೇ ಬಂತು. ಅಂಗೈ ಇಟ್ಟ. ನಾಯಕಿ ದೀವಟಿಗೆ ಹಿಡಿದು, ‘ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದಳು.

ಅಕ್ಕನ ನಗು ನಿಂತಿತ್ತು.

"ಇದು ನನ್ನ ಕೈ ಅಲ್ಲೇನ್ರಿ?"

"ಹೌದು ಅಕ್ಕಾ."

"ಅವಗ ಯಾಕ ಕೊಟ್ರಿ?"

ಕಂಪನಿಯವರು ಹೇಳಿದರು, ಆಡುವ ಹುಡುಗರಿಗೆ ಹಿಂಗೇ ಬೇಕಂತ, ಎಂದೆಲ್ಲ ಹೇಳತೊಡಗಿದೆ. ಅಕ್ಕ ಪೂರ್ತಿ ಕೇಳಿದರು. ಆಮೇಲೆ ದನಿ ಏರಿಸದೆ ಹೇಳಿದರು: "ಕಂಪನಿಯವ್ರು ಇಲ್ಲಿ ಕುಂತು ನನ್ನ ಕೈ ನೋಡಿದ್ದಿಲ್ರಿ. ನೀವು ನೋಡಿದ್ರಿ. ದಾರಿ ಇಕೀನೇ ಹುಡುಕ್ತಾಳ ಅಂದಿದ್ರಿ."

ಬೇರೆ ಹೆಂಗಸರು ಡಬ್ಬಿ ಕಟ್ಟಿಕೊಳ್ಳತೊಡಗಿದರು. ತೆಗೆದುಬಿಡಿ ಎಂದು ಹೇಳುವ ಅವಕಾಶ ನನಗಿತ್ತು, ನಾನೇ ಕೊಟ್ಟೆ ಎಂಬುದನ್ನು ಅವತ್ತು ಹೇಳಲಾಗಲಿಲ್ಲ.

ಮನೆಗೆ ಬಂದು ಡೈರೆಕ್ಟರಿಗೆ ಬರೆದೆ. ಆಟದಲ್ಲಿ ಆಮೇಲೂ ತಿದ್ದುಪಡಿ ಮಾಡುತ್ತಾರೆ, ಕಡೆಯ ಸುರಂಗದಲ್ಲಾದರೂ ಆ ಕಲ್ಲನ್ನು ನಾಯಕಿಯೇ ಬಡಿಯಲಿ, ಕೆಲಸ ನಾನು ಮಾಡಿಕೊಡುತ್ತೇನೆ ಎಂದೆ. ಅವರು ಮರುದಿನವೇ ಫೋನ್ ಮಾಡಿದರು. ನನಗಿಂತ ಅವರೇ ದಣಿದಿದ್ದರು. ಪಾತ್ರಗಳಿಗೆ ದನಿ ಕೊಟ್ಟವರು ಬೇರೆ ಕೆಲಸಕ್ಕೆ ಹೋಗಿದ್ದಾರೆ, ತಂಡ ಚದುರಿದೆ, ಪಾಲುದಾರರು ಕೇಳುವುದಿಲ್ಲ ಎಂದರು. "ಅವತ್ತು ನೀನು ಬೇಡ ಅಂತೀಯ ಅಂದುಕೊಂಡಿದ್ದೆ," ಎಂದು ಕೊನೆಗೆ ಹೇಳಿದರು. ಮುಂದಿನ ಆಟದ ಮೊದಲ ಸಭೆಯಲ್ಲಿ, ನಾಯಕಿ ಏನು ಬಲ್ಲಳೋ ಅದು ಕೊನೆತನಕ ಆಕೆಯದೇ ಎಂದು ಮೊದಲೇ ಬರೆದುಕೊಂಡರೆ ಮಾತ್ರ ನಾನು ಆಕೆಯನ್ನು ಮಾಡುತ್ತೇನೆ ಎಂದೆ. ಯಾರೂ ವಾದಿಸಲಿಲ್ಲ. ನಾಯಕಿ ಬೇರೊಬ್ಬರಿಗೆ ಹೋದಳು. ನನ್ನ ಪಾಲಿಗೆ ಆ ಆಟದ ಕುದುರೆಗಳು ಬಂದವು.

ಮಳೆಗಾಲ ಕಳೆದ ಮೇಲೆ, ಒಂದು ಸೋಮವಾರ, ಮತ್ತೆ ಶಹಾಬಾದಿಗೆ ಹೋದೆ. ಹೇಳದೆ ಉಳಿದದ್ದನ್ನು ಹೇಳಬೇಕಿತ್ತು. ಅಕ್ಕ ಅಂಗಳದಲ್ಲಿ ಕಾಣಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಕಾಲು ಚಾಚಿ ಕೂತು, ಉಳಿಯಿಂದ ಪರ್ಸಿಯ ಅಂಚು ಸರಿಮಾಡುತ್ತಿದ್ದರು. ಎಡ ಮೊಣಕಾಲಿಗೆ ಬಟ್ಟೆ ಸುತ್ತಿತ್ತು.

"ಬರ್ರಿ, ಕುಂದ್ರಿ," ಅಂದರು. "ಮಂಡಿ ಹೋಗ್ಯಾದ. ಇನ್ನ ಹೊರಬ್ಯಾಡಂತ ಡಾಕ್ಟರ್ ಹೇಳ್ಯಾರ."

ನಾನು ಕೂತು, ಅವತ್ತಿನ ವಿಡಿಯೊ ಕಾಲಿನ ಮಾತು ಬಿಡದೆ ಹೇಳಿದೆ. ತೆಗೀರಿ ಅಂದಿದ್ದರೆ ತೆಗೆಯುತ್ತಿದ್ದರು, ಕೆಲಸ ಹಾಳಾಗುತ್ತದಂತ ನಾನೇ ಅವನಿಗೆ ಕೊಟ್ಟೆ ಅಕ್ಕಾ, ಎಂದೆ. ಅಕ್ಕ ಉಳಿ ನಿಲ್ಲಿಸಿದರು. ನನ್ನನ್ನು ನೋಡಿದರು. ತಪ್ಪಾಯಿತು ಎಂದೆ. ಆಗಲಿ ಎಂದಾಗಲಿ, ಹೋಗಲಿ ಎಂದಾಗಲಿ ಅವರು ಅನ್ನಲಿಲ್ಲ. ಬೇರೆಯೇ ಒಂದು ಮಾತು ಕೇಳಿದರು.

"ನಾ ಕಲ್ಲು ಹೊತ್ತು ನಡದದ್ದು ತಗದಿದ್ರಲ್ಲ, ಆ ವಿಡಿಯೊ ನನ್ನ ಮೊಬೈಲಿಗೆ ಹಾಕಿ ಕೊಡ್ರಿ. ಮಗಳು ಸೇಡಂದಾಗ ಹಾಸ್ಟೆಲ್‌ನಾಗ ಇರ್ತಾಳ, ನಾ ಹೆಂಗ ದುಡೀತಿದ್ದೆ ಅಂತ ಅಕಿ ಒಮ್ಮೆನೂ ನೋಡಿಲ್ಲ. ಇನ್ನ ತೋರಿಸ್ಬೇಕಂದ್ರ ಕಾಲು ಇಲ್ಲ."

"ಅಕ್ಕಾ, ಅವು ಇಲ್ಲ. ಅಳಿಸೀನಿ."

"ಎಲ್ಲಾನೂ?"

"ಎಲ್ಲಾನೂ."

ಮಷೀನು ತಿರುಗುತ್ತಿತ್ತು. ಅಕ್ಕ ಉಳಿಯನ್ನು ಪಕ್ಕಕ್ಕಿಟ್ಟು, ಸೊಂಟದ ಚೀಲದಿಂದ ಮೊಬೈಲು ತೆಗೆದು ನನ್ನ ಮುಂದೆ ಹಿಡಿದರು.

"ಹಂಗಾದ್ರ ಆ ಗಂಡಸಿಂದೇ ಹಾಕ್ರಿ."

ಆಟದ ಜಾಹೀರಾತಿನಲ್ಲಿ ಆ ದೃಶ್ಯ ಇತ್ತು. ಹುಡುಕಿ ಅವರ ಮೊಬೈಲಿಗೆ ಹಾಕಿಕೊಟ್ಟೆ. ಅಕ್ಕ ಅದನ್ನು ಮಂಡಿಯ ಮೇಲೆ ಇಟ್ಟುಕೊಂಡು, ಅವನ ಮುಖ ಇದ್ದ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿ, ಕೈಯೊಂದನ್ನೇ ನೋಡಿದರು.